ಓದುಗರ ಪ್ರಶ್ನೆ, ನಮ್ಮ ಉತ್ತರ: ದುಡಿಯಲು ಬಂದ ಊರಿನಲ್ಲಿ ಮಕ್ಕಳಿಗೆ ಸಿಗಬೇಕಾದ ನೆರವು

ಅಂಗನವಾಡಿ, ಶಿಶುಪಾಲನೆ, ತಾಯಂದಿರ ಸಹಾಯಧನ ಮತ್ತು ಶಾಲೆಯ ಕುರಿತು ಪುಣೆ, ಮುಂಬಯಿ ಹಾಗೂ ಗೋವೆಯ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾವು ಯಾದಗಿರಿ ಕಡೆಯವರು. ಪುಣೆಯ ವಾಕಡ್‌ನಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಲೇಬರ್ ಕ್ಯಾಂಪಿನ ತಗಡಿನ ಖೋಲಿಯಲ್ಲಿದ್ದೇವೆ. ನನಗೆ ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗ. ಹತ್ತಿರದ ಅಂಗನವಾಡಿಗೆ ಹೋದರೆ ‘ನಿಮ್ಮ ಹೆಸರು ನಿಮ್ಮ ಊರಲ್ಲಿದೆ, ಇಲ್ಲಿ ವಾಸವಿರುವ ದಾಖಲೆ ತನ್ನಿ’ ಎಂದು ಹಿಂದಕ್ಕೆ ಕಳಿಸಿದರು. ಊರಲ್ಲಿ ಅತ್ತೆ ಕೇಳಿದರೆ ‘ಮಗುವೇ ಇಲ್ಲಿಲ್ಲ, ಪೊಟ್ಟಣ ಹೇಗೆ ಕೊಡೋದು’ ಅಂದರಂತೆ. ಪಕ್ಕದ ಖೋಲಿಯ ಹುಡುಗಿ ಈ ಪತ್ರ ಬರೆದುಕೊಟ್ಟಿದ್ದಾಳೆ. ನಮ್ಮ ಮಕ್ಕಳಿಗೆ ಏನು ಸಿಗಬೇಕು, ಯಾರನ್ನು ಕೇಳಬೇಕು?

ಉತ್ತರ: ತಂಗಿ, ನಿಮ್ಮ ಇಬ್ಬರು ಮಕ್ಕಳಿಗೂ ವಾಕಡ್‌ನ ಅದೇ ಅಂಗನವಾಡಿಯಲ್ಲಿ ಆಹಾರ ಸಿಗಬೇಕು. ಇದರಲ್ಲಿ ಎರಡು ಮಾತಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮಿನ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಸ್ಥಳೀಯ ಅಂಗನವಾಡಿಯ ಮೂಲಕ ವಯಸ್ಸಿಗೆ ತಕ್ಕ ಆಹಾರವನ್ನು ಉಚಿತವಾಗಿ ಕೊಡಲೇಬೇಕು. ಮಗು ಯಾವ ರಾಜ್ಯದಲ್ಲಿ ಹುಟ್ಟಿತು, ತಂದೆತಾಯಿ ಆ ಊರಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂಬ ಷರತ್ತು ಆ ಕಲಮಿನಲ್ಲಿ ಇಲ್ಲ. ಮೂರು ವರ್ಷದೊಳಗಿನ ನಿಮ್ಮ ಮಗನಿಗೆ ಮನೆಗೆ ಒಯ್ಯುವ ಪೊಟ್ಟಣ, ಮೂರು ದಾಟಿದ ಮಗಳಿಗೆ ಬೆಳಗಿನ ಉಪಾಹಾರ ಮತ್ತು ಕೇಂದ್ರದಲ್ಲೇ ಬಿಸಿಯೂಟ ಸಿಗಬೇಕು. ಕಾಯ್ದೆ ಜಾರಿಗೆ ಬಂದಾಗ ಅದರ ಎರಡನೆಯ ಅನುಸೂಚಿ ಇಬ್ಬರಿಗೂ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದು ಗೊತ್ತುಪಡಿಸಿತ್ತು. 2023ರ ಜನವರಿಯಲ್ಲಿ ಅದನ್ನು ಪರಿಷ್ಕರಿಸಿ ಸೂಕ್ಷ್ಮ ಪೋಷಕಾಂಶಗಳನ್ನೂ ಸೇರಿಸಲಾಗಿದೆ. ಬಸುರಿಯರಿಗೂ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಯರಿಗೂ ಇದೇ ಕಾಯ್ದೆಯಡಿ ಆಹಾರ ಇದೆ. ನಿಮಗೆ ಆ ಅವಧಿ ಮುಗಿದಿದೆ, ಆದರೆ ಕ್ಯಾಂಪಿನಲ್ಲಿ ಅಂಥವರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಈಗ ಮಾಡಬೇಕಾದದ್ದು. ನಿಮ್ಮ ಆಧಾರ್ ಕಾರ್ಡು ಮತ್ತು ಮಗನ ಚುಚ್ಚುಮದ್ದು ಬರೆದಿರುವ ತಾಯಿ ಕಾರ್ಡು ಕೈಯಲ್ಲಿರಲಿ. ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯದ್ದು ಸಾಕು. 2021ರ ಮಾರ್ಚಿನಿಂದ ದೇಶದ ಅಂಗನವಾಡಿಗಳೆಲ್ಲ ಪೋಷಣ್ ಟ್ರ್ಯಾಕರ್ ಎಂಬ ಒಂದೇ ಆ್ಯಪ್‌ನಲ್ಲಿ ಹೆಸರು ದಾಖಲಿಸುತ್ತಿವೆ, ಅದರಲ್ಲಿ ಒಂದು ಕೇಂದ್ರದ ಮಗುವನ್ನು ಇನ್ನೊಂದು ಕೇಂದ್ರಕ್ಕೆ ವರ್ಗಾಯಿಸಲು ಬರುತ್ತದೆ. ತೊಡಕು ಬರುವುದು ಹೆಸರು ಊರಿನ ಪಟ್ಟಿಯಲ್ಲೇ ಉಳಿದಾಗ. ಆದ್ದರಿಂದ ಊರಿನ ಅಂಗನವಾಡಿ ಕಾರ್ಯಕರ್ತೆಯ ಫೋನ್ ನಂಬರನ್ನು ಅತ್ತೆಯವರಿಂದ ತರಿಸಿಕೊಂಡು, ಇಲ್ಲಿನ ಸೇವಿಕೆಯ ಮುಂದೆಯೇ ಕುಳಿತು ಅವರಿಬ್ಬರನ್ನೂ ಮಾತನಾಡಿಸಿ. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಮರಾಠಿ. ಪತ್ರ ಬರೆದುಕೊಟ್ಟ ಹುಡುಗಿಯನ್ನು ಜೊತೆಗೆ ಕರೆದೊಯ್ದರೆ ಮಾತು ಹಳಿ ತಪ್ಪುವುದಿಲ್ಲ. ಅಷ್ಟಕ್ಕೂ ಒಪ್ಪದಿದ್ದರೆ ಆ ಭಾಗದ ಪರ್ಯವೇಕ್ಷಿಕೆಯನ್ನು (ಮೇಲ್ವಿಚಾರಕಿಯನ್ನು), ಅವರ ಮೇಲೆ ಬಾಲವಿಕಾಸ ಪ್ರಕಲ್ಪ ಅಧಿಕಾರಿಯನ್ನು ಕಂಡು ಲಿಖಿತವಾಗಿ ಅರ್ಜಿ ಕೊಡಿ, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿಯೂ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯಲ್ಲೇ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ ಮತ್ತು ರಾಜ್ಯ ಆಹಾರ ಆಯೋಗಕ್ಕೆ ದೂರು ಕೊಡುವ ಅವಕಾಶವಿದೆ.

ಹೆಸರು ಸೇರಿದ ದಿನವೇ ಇನ್ನೊಂದು ಕೆಲಸ ಮಾಡಿಸಿ: ಮಗನ ತೋಳಿನ ಸುತ್ತಳತೆ. ಸೇವಿಕೆಯ ಬಳಿ ಕೆಂಪು, ಹಳದಿ, ಹಸಿರು ಬಣ್ಣದ ತೆಳ್ಳನೆಯ ಪಟ್ಟಿ ಇರುತ್ತದೆ. ಅದನ್ನು ಎಡ ರಟ್ಟೆಯ ನಡುಭಾಗಕ್ಕೆ ಸುತ್ತಿದಾಗ ಅಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದು ಕೆಂಪು ಕಂಡರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಹೆಚ್ಚಿನ ಆಹಾರವೂ ಆಸ್ಪತ್ರೆಯ ತಪಾಸಣೆಯೂ ಸಿಗಬೇಕು, ಅದಕ್ಕೆ ಒಂದು ದಿನವೂ ತಡಮಾಡಬಾರದು. ಮತ್ತೆ, ನಿಮ್ಮ ಕ್ಯಾಂಪಿನಲ್ಲೇ ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದು ಅಲ್ಲಿ ಅಂಗನವಾಡಿ ಇಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಹಳ್ಳಿಗಳಿಗೂ ನಗರದ ಕೊಳೆಗೇರಿಗಳಿಗೂ ಅನ್ವಯಿಸುವ ಆದೇಶವದು. ಕ್ಯಾಂಪಿನ ತಾಯಂದಿರೆಲ್ಲ ಸೇರಿ ಮಕ್ಕಳ ಹೆಸರು, ವಯಸ್ಸು ಬರೆದ ಪಟ್ಟಿಯೊಂದಿಗೆ ಈ ಬೇಡಿಕೆ ಇಡಬಹುದು.

ನಿಮ್ಮನ್ನು ಹಿಂದಕ್ಕೆ ಕಳಿಸಿದ ಸೇವಿಕೆಯ ಪರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಅವರ ಕೇಂದ್ರಕ್ಕೆ ಸರಬರಾಜಾಗುವುದು ಪಟ್ಟಿಯಲ್ಲಿರುವ ಹೆಸರುಗಳಷ್ಟೇ ಆಹಾರ. ತಿಂಗಳ ನಡುವೆ ಹತ್ತು ಮಕ್ಕಳು ಬಂದರೆ ಅವರು ಯಾರ ಪಾಲನ್ನು ಕಿತ್ತು ಯಾರಿಗೆ ಕೊಡಬೇಕು? ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ, ಆ ಪಟ್ಟಿಯಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಇತ್ತು, ಕುಟುಂಬವೊಂದು ತನ್ನ ಊರಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆಯನ್ನು ಕಟ್ಟಲಾಯಿತು. ಇಂದು ಸುಮಾರು 14 ಲಕ್ಷ ಕೇಂದ್ರಗಳಾಗಿವೆ, ಆದರೆ ಆ ನಂಬಿಕೆ ಹಾಗೆಯೇ ಉಳಿದಿದೆ. ನಮ್ಮ ಅಭಿಪ್ರಾಯದಲ್ಲಿ ರಾಷ್ಟ್ರಮಟ್ಟದಲ್ಲಿ ಮೊದಲು ಆಗಬೇಕಾದ ಸುಧಾರಣೆ ಇದೇ: ವಲಸೆ ಕಾರ್ಮಿಕರು ಹೆಚ್ಚಾಗಿರುವ ವಸ್ತಿಗಳ ಅಂಗನವಾಡಿಗಳಿಗೆ ಪಟ್ಟಿಗಿಂತ ಒಂದಿಷ್ಟು ಹೆಚ್ಚುವರಿ ದಾಸ್ತಾನು ಕೊಡಬೇಕು, ಬಂದ ಮಗುವಿಗೆ ಅಂದೇ ಊಟ ಬಡಿಸಿ ವರ್ಗಾವಣೆಯ ಕೆಲಸವನ್ನು ಆಮೇಲೆ ಸರ್ಕಾರದ ಕಡೆಯವರೇ ಮಾಡಿಕೊಳ್ಳಬೇಕು. ದಾಖಲೆ ಹೊತ್ತು ಎರಡು ರಾಜ್ಯಗಳ ನಡುವೆ ಅಲೆಯುವ ಹೊರೆ ದಿನಗೂಲಿಯ ತಾಯಿಯ ಮೇಲೆ ಬೀಳಬಾರದು.

ಪ್ರಶ್ನೆ: ನಾನು ಪಿಂಪ್ರಿ-ಚಿಂಚವಾಡದಲ್ಲಿ ಸೈಟ್ ಇಂಜಿನಿಯರ್. ನಮ್ಮಲ್ಲಿ ಕಲಬುರಗಿ, ವಿಜಯಪುರ ಕಡೆಯ ಹೆಣ್ಣುಮಕ್ಕಳು ಕೂಸುಗಳನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಾರೆ. ನಡೆಯುವ ಮಕ್ಕಳು ಸರಳು, ಮೊಳೆ, ನೀರಿನ ಟಾಕಿಗಳ ನಡುವೆಯೇ ಇರುತ್ತವೆ. ಶಿಶುಪಾಲನಾ ಕೋಣೆಯ ಮಾತೆತ್ತಿದರೆ ‘ಐವತ್ತು ಹೆಂಗಸರಿಲ್ಲ, ಕಾಯ್ದೆ ನಮಗೆ ಹತ್ತುವುದಿಲ್ಲ’ ಎನ್ನುತ್ತಾರೆ ಗುತ್ತಿಗೆದಾರರು. ಇದು ಸರಿಯೇ?

ಉತ್ತರ: ಗುತ್ತಿಗೆದಾರರು ಹೇಳುತ್ತಿರುವುದು ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 35ನೇ ಕಲಮನ್ನು. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಅದು ಹೇಳಿತ್ತು. ಒಂದೇ ಕಟ್ಟಡದ ಕೆಲಸವನ್ನು ನಾಲ್ಕಾರು ಉಪಗುತ್ತಿಗೆದಾರರಿಗೆ ಹಂಚಿದರೆ ಯಾರ ಹಾಜರಿ ಪುಸ್ತಕದಲ್ಲೂ ಐವತ್ತು ಹೆಂಗಸರು ಕಾಣುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಲೆಕ್ಕ ಬದಲಾಗಿದೆ. ಅಲ್ಲಿ ಎಣಿಸುವುದು ಮಹಿಳೆಯರನ್ನಷ್ಟೇ ಅಲ್ಲ, ಎಲ್ಲ ಕಾರ್ಮಿಕರನ್ನು. ಗಂಡಸರನ್ನೂ ಸೇರಿಸಿ ಎಣಿಸಿದರೆ ನಿಮ್ಮ ಸೈಟಿನಲ್ಲಿ ಐವತ್ತು ದಾಟುವುದು ಕಷ್ಟವೇನಲ್ಲ. ಈ ಬದಲಾವಣೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ, ಏಕೆಂದರೆ ಹೆಂಗಸರ ತಲೆ ಎಣಿಸುವ ನಿಯಮವಿದ್ದಾಗ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳದಿರುವುದೇ ಮಾಲೀಕರಿಗೆ ಲಾಭವಾಗುತ್ತಿತ್ತು.

ಆದರೆ ಕಾಯ್ದೆಗಾಗಿ ಕಾಯದೆ ನೀವು ಮಾಡಬಹುದಾದ್ದೂ ಇದೆ. ದೆಹಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಆರಂಭಿಸಿದ ಮೊಬೈಲ್ ಕ್ರೆಶಸ್ ಕೆಲಸ ಮುಂದೆ ಮುಂಬಯಿಗೂ ಪುಣೆಗೂ ಹಬ್ಬಿತು. ಮುಂಬಯಿ ಮೊಬೈಲ್ ಕ್ರೆಶಸ್ ಮತ್ತು ಪುಣೆಯ ತಾರಾ ಮೊಬೈಲ್ ಕ್ರೆಶಸ್ ಸಂಸ್ಥೆಗಳು ನಿರ್ಮಾಣ ಸ್ಥಳದಲ್ಲೇ ಕೇಂದ್ರ ನಡೆಸುವುದರಲ್ಲಿ ಪಳಗಿವೆ. ಬಿಲ್ಡರ್ ಒಂದು ಕೋಣೆ, ನೀರು, ವಿದ್ಯುತ್ತು ಮತ್ತು ಖರ್ಚಿನ ಒಂದು ಪಾಲು ಕೊಡಲು ಒಪ್ಪಿದರೆ ಇಂಥ ಸಂಸ್ಥೆಗಳನ್ನು ಸಂಪರ್ಕಿಸಬಹುದು. ಕೋಣೆ ಕ್ರೇನಿನ ಹಾದಿಯಿಂದ ದೂರವಿರಲಿ, ಬಾಗಿಲಿಗೆ ತಡೆ ಇರಲಿ, ಹಾಲುಣಿಸುವ ತಾಯಂದಿರಿಗೆ ಕೆಲಸದ ನಡುವೆ ಎರಡು ಸಲ ಬಿಡುವು ಸಿಗಲಿ. ಮಕ್ಕಳನ್ನು ನೋಡಿಕೊಳ್ಳುವವರಲ್ಲಿ ಒಬ್ಬರಾದರೂ ಕನ್ನಡ ಬಲ್ಲವರಾಗಿರಲಿ. ಹೊಸ ಜಾಗದಲ್ಲಿ ಅಳುವ ಎರಡು ವರ್ಷದ ಮಗುವಿಗೆ ತನ್ನ ಮಾತು ಕಿವಿಗೆ ಬೀಳಬೇಕು.

ಸರ್ಕಾರದ ಕಡೆಯಿಂದ ಪಾಲ್ನಾ ಎಂಬ ಯೋಜನೆಯಡಿ ಅಂಗನವಾಡಿಗಳಲ್ಲೇ ಶಿಶುಪಾಲನಾ ಕೇಂದ್ರ ನಡೆಸುವ ವ್ಯವಸ್ಥೆ ಇದೆ. ಕರ್ನಾಟಕವು ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕಾರ್ಮಿಕರ ಮಕ್ಕಳಿಗಾಗಿ ‘ಕೂಸಿನ ಮನೆ’ ತೆರೆದಿದೆ. ನಗರದ ನಿರ್ಮಾಣ ಸ್ಥಳಗಳಿಗೂ ಅಂಥದ್ದೇ ಬೇಕು, ಅದಕ್ಕೆ ಹಣದ ಮೂಲವೂ ಇದೆ: ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ವಸೂಲಾಗುತ್ತಿದೆ. ಕೂಸು ಇರುವ ಜಾಗದಲ್ಲಿ ಈ ಹಣ ಮೊದಲು ಖರ್ಚಾಗಬೇಕೆಂದು ನಾವು ಬಲವಾಗಿ ನಂಬುತ್ತೇವೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಹೆರಿಗೆಯ ನೆರವು, ಮಕ್ಕಳ ಓದಿನ ನೆರವು ಸಿಗುವುದು ಈ ನೋಂದಣಿ ಇದ್ದವರಿಗೆ ಮಾತ್ರ, ಅದಕ್ಕೆ ಬೇಕಾದ 90 ದಿನಗಳ ಪ್ರಮಾಣಪತ್ರ ಕೊಡಿಸುವುದು ನಿಮ್ಮ ಸ್ಥಾನದಲ್ಲಿರುವವರಿಗೆ ಸಾಧ್ಯ. ಅದನ್ನು ದಯವಿಟ್ಟು ಮಾಡಿಕೊಡಿ.

ಪ್ರಶ್ನೆ: ಮುಂಬಯಿಯ ಸಾಯನ್‌ನಲ್ಲಿದ್ದೇನೆ. ನನ್ನ ತಮ್ಮ ಕಳೆದ ವರ್ಷ ತೀರಿಕೊಂಡ. ಅವನ ಹೆಂಡತಿ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಒಂಬತ್ತು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ಮಕ್ಕಳನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸುವುದು ಒಳ್ಳೆಯದೆಂದು ಬಂಧುಗಳು ಹೇಳುತ್ತಿದ್ದಾರೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ, ದಯವಿಟ್ಟು ಆ ದಾರಿಯನ್ನೇ ಹಿಡಿಯಿರಿ. ಬಡತನವೊಂದೇ ಕಾರಣಕ್ಕೆ ಮಗುವನ್ನು ತಾಯಿಯಿಂದ ಬೇರೆ ಮಾಡಬಾರದು. 2015ರ ಬಾಲನ್ಯಾಯ ಕಾಯ್ದೆ ಕೂಡ ಸಂಸ್ಥೆಯಲ್ಲಿ ಇರಿಸುವುದನ್ನು ಕೊನೆಯ ಉಪಾಯವೆಂದೇ ಪರಿಗಣಿಸುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂಬ ನೆರವಿದ್ದು, ಅದರಡಿ ಮಗು ತನ್ನ ಮನೆಯಲ್ಲೇ ಬೆಳೆಯಲೆಂದು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡಲಾಗುತ್ತದೆ. ವಿಧವೆ ತಾಯಿಯ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ನಗರಗಳಲ್ಲಿ 96,000, ಹಳ್ಳಿಗಳಲ್ಲಿ 72,000 ರೂಪಾಯಿ ಮೀರಿರಬಾರದು. ಇದಲ್ಲದೆ ಮಹಾರಾಷ್ಟ್ರದ್ದೇ ಆದ ಬಾಲ ಸಂಗೋಪನ ಯೋಜನೆಯಲ್ಲಿ ತಿಂಗಳಿಗೆ 2,250 ರೂಪಾಯಿ ಇದೆ. ಮಕ್ಕಳಿಗೆ ಯಾವುದು ಹೊಂದುತ್ತದೆ ಎಂಬುದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ ಅರ್ಜಿ ಕೊಡಿ. ತಮ್ಮನ ಮರಣ ಪ್ರಮಾಣಪತ್ರ, ಮಕ್ಕಳ ಜನನ ದಾಖಲೆ, ಶಾಲೆಯ ಬೋನಾಫೈಡ್, ಆದಾಯದ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಇವನ್ನು ಸಿದ್ಧವಾಗಿಡಿ. ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಕ್ಕಳೊಡನೆ ಮಾತನಾಡುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ.

96,000 ಎಂದರೆ ತಿಂಗಳಿಗೆ 8,000. ಖೋಲಿಯ ಬಾಡಿಗೆ ಕಟ್ಟಲೆಂದು ನಿಮ್ಮ ತಮ್ಮನ ಹೆಂಡತಿ ಇನ್ನೆರಡು ಮನೆ ಹಿಡಿದರೆ ಈ ಮಿತಿಯನ್ನು ದಾಟಿಬಿಡುವ ಸಂಭವವಿದೆ. ಮುಂಬಯಿಗೂ ಒಂದು ಸಣ್ಣ ತಾಲ್ಲೂಕು ಪಟ್ಟಣಕ್ಕೂ ಒಂದೇ ಅಳತೆಗೋಲು ಇಟ್ಟಿರುವುದು ನ್ಯಾಯವಲ್ಲ. ನಗರದ ಬಾಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಈ ಮಿತಿಯನ್ನು ಹೆಚ್ಚಿಸಬೇಕು.

ಮಕ್ಕಳಿಗೆ ಯಾವುದೇ ತುರ್ತು ತೊಂದರೆ ಬಂದರೆ 1098ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು. ಈ ಸಹಾಯವಾಣಿ ಹುಟ್ಟಿದ್ದು ನಿಮ್ಮ ಮುಂಬಯಿಯಲ್ಲೇ, 1996ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ.

ಪ್ರಶ್ನೆ: ನಾನು ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರ. ಇಷ್ಟು ಯೋಜನೆಗಳು, ಇಷ್ಟು ಕಚೇರಿಗಳು ಏಕೆ? ತಾಯಂದಿರ ಖಾತೆಗೆ ನೇರವಾಗಿ ಹಣ ಹಾಕಿದರೆ ಎಲ್ಲವೂ ಸುಲಭವಾಗುವುದಿಲ್ಲವೇ?

ಉತ್ತರ: ಹಣ ಬೇಕು, ಆದರೆ ಹಣವೊಂದರಿಂದ ಆಗದ ಕೆಲಸಗಳಿವೆ. ಮಗುವನ್ನು ತೂಗಿ ನೋಡುವುದು, ಚುಚ್ಚುಮದ್ದು ತಪ್ಪಿದ್ದನ್ನು ಗಮನಿಸುವುದು, ಎರಡು ವರ್ಷವಾದರೂ ಮಾತು ಬಾರದ ಮಗುವನ್ನು ತಪಾಸಣೆಗೆ ಕಳಿಸುವುದು, ಇವೆಲ್ಲ ಒಬ್ಬ ಮನುಷ್ಯರು ಇನ್ನೊಬ್ಬರಿಗೆ ಮಾಡುವ ಸೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇಕಡಾ 19.3, ಮಹಾರಾಷ್ಟ್ರದಲ್ಲಿ ಅದು ಶೇಕಡಾ 25.6. ಶ್ರೀಮಂತವೆನಿಸಿದ ರಾಜ್ಯದಲ್ಲಿ ಈ ಸಂಖ್ಯೆ ಇಷ್ಟು ಹೆಚ್ಚಿರುವುದು ನಮ್ಮೆಲ್ಲರನ್ನೂ ಕಾಡಬೇಕಾದ ಸಂಗತಿ.

ನೀವು ಬ್ಯಾಂಕಿನಲ್ಲಿ ಇದ್ದವರು, ಲೆಕ್ಕವನ್ನೇ ನೋಡೋಣ. ಅಂಗನವಾಡಿಯ ಒಂದು ಮಗುವಿನ ಒಂದು ದಿನದ ಆಹಾರಕ್ಕೆ 2017ರಲ್ಲಿ ಗೊತ್ತುಪಡಿಸಿದ ಮೊತ್ತ 8 ರೂಪಾಯಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ 12, ಬಸುರಿ ಬಾಣಂತಿಯರಿಗೆ 9.50. ಬೇಳೆ, ಎಣ್ಣೆ, ಗ್ಯಾಸಿನ ಬೆಲೆ ಏರುತ್ತಲೇ ಹೋದರೂ ಈ ದರವನ್ನು ಹೆಚ್ಚಿಸುವ ಮಾತು ಬಜೆಟ್ ಭಾಷಣದಲ್ಲಿ ಬಂದದ್ದು 2025ರ ಫೆಬ್ರವರಿಯಲ್ಲಿ. ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ನೌಕರರ ತುಟ್ಟಿಭತ್ಯೆ ಏರುವ ಹಾಗೆ ಮಗುವಿನ ಊಟದ ದರವೂ ತಾನಾಗಿ ಏರುವಂತೆ ನಿಯಮವಾಗಬೇಕು. ಸೇವಿಕೆಯರ ವಿಷಯವೂ ಹಾಗೆಯೇ: 2018ರ ಅಕ್ಟೋಬರಿನಲ್ಲಿ ಕೇಂದ್ರವು ಅವರ ಗೌರವಧನವನ್ನು ತಿಂಗಳಿಗೆ 4,500, ಸಹಾಯಕಿಯರದ್ದನ್ನು 2,250 ರೂಪಾಯಿಗೆ ಏರಿಸಿತು, ಉಳಿದದ್ದು ರಾಜ್ಯಗಳ ಕೊಡುಗೆ. ಅವರು ಗ್ರಾಚ್ಯುಟಿಗೆ ಅರ್ಹರೆಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಸೇವೆ ಕೊಡುವವಳ ಸ್ವಂತ ಮನೆಯೇ ತೂಗುಯ್ಯಾಲೆಯಲ್ಲಿ ಇದ್ದರೆ ಆ ಸೇವೆ ಎಷ್ಟು ಗಟ್ಟಿಯಾಗಿರಲು ಸಾಧ್ಯ?

ನೇರ ಹಣದ ಮಾತಿಗೆ ಬಂದರೆ, ಆಹಾರ ಭದ್ರತಾ ಕಾಯ್ದೆಯ 4ನೇ ಕಲಮು ಸರ್ಕಾರಿ ನೌಕರಿಯಂಥ ಸೌಲಭ್ಯವಿರುವವರನ್ನು ಬಿಟ್ಟು ಪ್ರತಿಯೊಬ್ಬ ಬಸುರಿಗೂ ಕನಿಷ್ಠ 6,000 ರೂಪಾಯಿ ಕೊಡಬೇಕೆಂದಿದೆ. 2017ರ ಜನವರಿ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತದೆ. 2022ರಿಂದ ಎರಡನೆಯದು ಹೆಣ್ಣಾದರೆ 6,000. ಎರಡನೆಯದು ಗಂಡಾದರೆ, ಅಥವಾ ಮೂರನೆಯ ಹೆರಿಗೆಯಾದರೆ, ಏನೂ ಇಲ್ಲ. ಹೆಣ್ಣುಮಗುವಿಗೆ ಪ್ರೋತ್ಸಾಹ ಕೊಡುವ ಉದ್ದೇಶವನ್ನು ಒಪ್ಪುತ್ತೇವೆ. ಆದರೆ ಹೆರಿಗೆಗೆ ಮುಂಚಿನ ತಿಂಗಳುಗಳಲ್ಲಿ ಕೂಲಿ ಬಿಟ್ಟು ಕೂರಬೇಕಾದ ತಾಯಿಗೆ ಹುಟ್ಟಲಿರುವುದು ಯಾವ ಮಗು ಎಂದು ತಿಳಿದಿರುವುದಿಲ್ಲ, ಆಗಲೇ ಅವಳಿಗೆ ಹಣ ಬೇಕಾಗಿರುತ್ತದೆ. ಕಾಯ್ದೆ ಕೊಟ್ಟ ಮಾತನ್ನು ಯೋಜನೆ ಪೂರ್ತಿಯಾಗಿ ನಡೆಸಿಕೊಡಬೇಕು.

ಪ್ರಶ್ನೆ: ನಾನು ಗೋವೆಯ ವಾಸ್ಕೋ ಹತ್ತಿರದ ಜುವಾರಿ ನಗರದಲ್ಲಿ ಶಿಕ್ಷಕಿ. ಜಾತ್ರೆಗೋ ಸುಗ್ಗಿಗೋ ಊರಿಗೆ ಹೋದ ಗದಗ, ಬಾಗಲಕೋಟೆ ಕಡೆಯ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ಬಂದಾಗ ವರ್ಗಾವಣೆ ಪತ್ರ ಇರುವುದಿಲ್ಲ. ಅವರ ಮನೆಯವರು ರೇಷನ್ನಿನ ಬಗ್ಗೆಯೂ ನನ್ನನ್ನೇ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ವರ್ಗಾವಣೆ ಪತ್ರ ತಡವಾದದ್ದು ಪ್ರವೇಶ ನಿರಾಕರಿಸಲು ಕಾರಣವಾಗಲಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು, ವಯಸ್ಸಿನ ದಾಖಲೆ ಇಲ್ಲದ್ದೂ ಕಾರಣವಾಗಲಾರದೆಂದು 14ನೇ ಕಲಮು ಹೇಳುತ್ತವೆ. ಓದು ಬಿಟ್ಟುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ನಿಮ್ಮ ಮುಖ್ಯೋಪಾಧ್ಯಾಯರಿಗೆ ಈ ಕಲಮುಗಳನ್ನು ತೋರಿಸಿ.

ಗೋವೆಯ ಗೃಹ ಆಧಾರ್‌ನಂಥ ರಾಜ್ಯ ಯೋಜನೆಗಳಿಗೆ ಹದಿನೈದು ವರ್ಷಗಳ ವಾಸದ ಷರತ್ತಿರುವುದರಿಂದ ಇತ್ತೀಚೆಗೆ ಬಂದವರಿಗೆ ಅವು ಸಿಗುವುದಿಲ್ಲ, ಸುಳ್ಳು ಭರವಸೆ ಕೊಡಬೇಡಿ. ರೇಷನ್ ಮಾತ್ರ ಸಿಗುತ್ತದೆ. ಕೇಂದ್ರದ ಆಹಾರ ಭದ್ರತಾ ಕಾಯ್ದೆಯಡಿ ಬರುವ ಕರ್ನಾಟಕದ ಆದ್ಯತಾ ಅಥವಾ ಅಂತ್ಯೋದಯ ಕಾರ್ಡಿದ್ದರೆ, ಆಧಾರ್ ಜೋಡಣೆಯಾಗಿದ್ದರೆ, ‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿ ಗೋವೆಯ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಇದು 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ. ಇಡೀ ಕುಟುಂಬದ ಪಾಲನ್ನು ಒಂದೇ ಕಡೆ ಎತ್ತಬೇಕೆಂದಿಲ್ಲ. ಇಲ್ಲಿರುವವರು ತಮ್ಮ ಭಾಗವನ್ನು ಇಲ್ಲಿ, ಊರಲ್ಲಿರುವ ಮುದುಕರು ಉಳಿದದ್ದನ್ನು ಅಲ್ಲಿ ಪಡೆಯಬಹುದು. ಕಾರ್ಡಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಲು ಪೋಷಕರಿಗೆ ಹೇಳಿ. ಅಂಗಡಿಯಲ್ಲಿ ಕಾರ್ಡಿನ ಇಲ್ಲವೇ ಆಧಾರ್‌ನ ಸಂಖ್ಯೆ ಹೇಳಿದರೆ ಸಾಕು.